ಕಿಟಕಿಯವನ ದೋಣಿ

ಸೋಮವಾರ, ಫೆಬ್ರವರಿ 17

ಬೆಳಿಗ್ಗೆ ಬೆಂತೆ ಬಂದು ನನ್ನ ಎಡಗಾಲಿಗೆ ಕಾವಲಿನ ಪಟ್ಟಿ ಕಟ್ಟಿ ಹೋದಳು. ಶಿಕ್ಷೆ ನೋಡಿಕೊಳ್ಳುವ ಕಚೇರಿಯವಳು. ಟಿವಿ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ ಇಟ್ಟಿದ್ದಾಳೆ. ಪಟ್ಟಿಯೂ ಡಬ್ಬಿಯೂ ಹಗಲೂ ರಾತ್ರಿ ಮಾತಾಡಿಕೊಂಡಿರುತ್ತವಂತೆ. ಮನೆ, ಮನೆಗೆ ಅಂಟಿಕೊಂಡ ಕೊಟ್ಟಿಗೆ, ಅಂಗಳದ ಬರ್ಚ್ ಮರ, ಅಲ್ಲಿಗೆ ನನ್ನ ರಾಜ್ಯ ಮುಗಿಯಿತು. ಮರ ದಾಟಿದರೆ ಕಚೇರಿಯಲ್ಲಿ ಗಂಟೆ ಹೊಡೆಯುತ್ತದೆ, ನನ್ನನ್ನು ನಿಜವಾದ ಜೈಲಿಗೆ ಒಯ್ಯುತ್ತಾರೆ. ನಾಲ್ಕು ತಿಂಗಳು. ಜೂನ್ 16ರವರೆಗೆ.

ಒಂದು ಹನಿ ಮದ್ಯ ಮುಟ್ಟುವಂತಿಲ್ಲ, ಯಾವಾಗ ಬೇಕಾದರೂ ಬಂದು ಊದಿಸುತ್ತಾರೆ. ದಿನಕ್ಕೆ ಐದು ಗಂಟೆ ಏನಾದರೂ ಕೆಲಸ ಮಾಡುತ್ತಿರಬೇಕು. ಕಾರಿನ ಲೈಸೆನ್ಸ್ ಕಿತ್ತುಕೊಂಡ ಮೇಲೆ ನನ್ನಂಥ ಕಿಟಕಿ ಕೂರಿಸುವವನನ್ನು ಯಾರು ಕರೆಯುತ್ತಾರೆ?

"ಏನಾದ್ರೂ ಬರೀರಿ, ಹಗುರ ಆಗತ್ತೆ" ಅಂತ ಈ ಪುಸ್ತಕ ಕೊಟ್ಟಳು. ಬರೆಯುವುದಕ್ಕೇನಿದೆ? ಅಪಘಾತವಾಯಿತು. ಕಂಪನಿಯ ಕ್ರಿಸ್‌ಮಸ್ ಊಟ ಮುಗಿಸಿ ಬರುತ್ತಿದ್ದೆ. ಕತ್ತಲು, ರಸ್ತೆ ತುಂಬ ಮಂಜುಗಡ್ಡೆ. ಕಾರಿಗೆ ಅಡ್ಡ ಸಿಕ್ಕ ಆ ಮುದುಕಿ ಕಾಲಲ್ಲಿ ಒದ್ದು ತಳ್ಳುತ್ತಿದ್ದ ಜಾರುಬಂಡಿಗೆ ದೀಪವೂ ಇರಲಿಲ್ಲ. ಅವಳ ಸೊಂಟ ಮುರಿಯಿತು, ನನ್ನ ಬದುಕು ಮುರಿಯಿತು. ಜನ ಮೊದಲನೆಯದನ್ನು ಮಾತ್ರ ಆಡಿಕೊಳ್ಳುತ್ತಾರೆ.

ಬುಧವಾರ, ಫೆಬ್ರವರಿ 26

ಕೊಟ್ಟಿಗೆಯಲ್ಲಿ ಈಗ ಒಂದು ದೋಣಿ ಇದೆ.

ಹಾಲ್ವೋರ್ ತಂದುಕೊಟ್ಟ. ಆಚೆ ಮನೆಯವನು, ಫೆರ‍್ರಿಯಲ್ಲಿ ಹಗ್ಗ ಕಟ್ಟುವವನು, ಈ ಊರಲ್ಲಿ ನನ್ನ ಬಾಗಿಲು ತಟ್ಟುವ ಒಬ್ಬನೇ ಒಬ್ಬ. ಕೊಲ್ಲಿಯ ತುದಿಯಲ್ಲಿ ಯಾರದೋ ಹಿತ್ತಲಿನ ತುರಿಕೆ ಗಿಡಗಳ ಮಧ್ಯೆ ಇಪ್ಪತ್ತು ವರ್ಷ ಬೋರಲಾಗಿ ಬಿದ್ದಿತ್ತಂತೆ. ನನ್ನ ಹತ್ತಿರ ಉಳಿದಿದ್ದ ಎರಡು ಹಳೆಯ ಕಿಟಕಿ ಕೊಟ್ಟು ಇದನ್ನು ತರಿಸಿಕೊಂಡೆ. ಹದಿನಾರು ಅಡಿ, ನಾಲ್ಕು ಹುಟ್ಟು, ಒಂದು ಹಾಯಿಗಂಬ. ಹಾಯಿ ಇಲಿಗಳ ಪಾಲಾಗಿದೆ.

"ಮಹಾರಾಜರಿಗೆ ನೌಕಾಪಡೆ ಬಂತು" ಅಂದ ಹಾಲ್ವೋರ್. "ಎಲ್ಲಿಗೆ ದಂಡಯಾತ್ರೆ?"

"ನಿನ್ನ ಮುಖ ಕಾಣದ ಕಡೆಗೆ."

ತಮಾಷೆಗೆ ಹೇಳಿದ್ದಲ್ಲ. ಜೂನ್ 16ಕ್ಕೆ ಪಟ್ಟಿ ಬಿಚ್ಚುತ್ತಾರೆ. 17ಕ್ಕೆ ಹಾಯಿ ಬಿಚ್ಚುತ್ತೇನೆ. ದಕ್ಷಿಣಕ್ಕೆ, ದ್ವೀಪದಿಂದ ದ್ವೀಪಕ್ಕೆ, ನನ್ನನ್ನು ಯಾರೂ ನೋಡಿರದ ಊರಿಗೆ. ಇಲ್ಲಿ ಅಂಗಡಿಗೆ ಹೋದರೆ ಹೆಂಗಸರು ಆಲೂಗಡ್ಡೆ ಆರಿಸುತ್ತ ಬೆನ್ನು ತಿರುಗಿಸುತ್ತಾರೆ. ಸಾಕಾಗಿದೆ. ದಿನದ ಐದು ಗಂಟೆ ಕೆಲಸ ಇದೇ ಅಂತ ಬೆಂತೆ ಒಪ್ಪಿಕೊಂಡು ಬರೆದುಕೊಂಡಳು.

ಭಾನುವಾರ, ಮಾರ್ಚ್ 9

ಬಣ್ಣ ಕೆರೆಯುವುದೇ ಕೆಲಸ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಕಪ್ಪು ಡಾಂಬರು. ಒಂದೊಂದು ಪಕ್ಕಕ್ಕೆ ಮೂರೇ ಅಗಲ ಹಲಗೆ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸಿ ತಾಮ್ರದ ಮೊಳೆ ಬಡಿದದ್ದು. ಮೂರೇ ಹಲಗೆ ಅಂದರೆ ನಮ್ಮ ಕಡೆಯ ಕೆಲಸ, ಉತ್ತರದವರು ಕಿರಿದಾದ ಹಲಗೆ ಹಾಕುತ್ತಾರೆ ಅಂತ ಹಾಲ್ವೋರ್ ಹೇಳಿದ.

ಇವತ್ತು ಗಂಬ ಊರುವ ಅಡ್ಡಹಲಗೆಯ ಅಡಿಯಲ್ಲಿ ಒಂದು ಗುರುತು ಸಿಕ್ಕಿತು. ಉಳಿಯಲ್ಲಿ ಕೆತ್ತಿದ ಕಾಗೆಯ ಕಾಲು, ಅದರ ಪಕ್ಕದಲ್ಲಿ ಎರಡು ಗೀರು. ದೋಣಿ ಕಟ್ಟುವವರು ಹೀಗೆ ತಮ್ಮ ತಮ್ಮ ಗುರುತು ಹಾಕುತ್ತಿದ್ದರು, ಹೆಸರು ಬರೆಯುತ್ತಿರಲಿಲ್ಲ.

ಹಾಲ್ವೋರ್ ಮಂಡಿಯೂರಿ, ಟಾರ್ಚ್ ಬಿಟ್ಟು, ಬಹಳ ಹೊತ್ತು ನೋಡಿದ.

"ಇದು ಸ್ಯೂರ್ ಮುದುಕನ ಗುರುತಿದ್ದ ಹಾಗಿದೆ ಕಣೋ. ಹೌದೋ ಅಲ್ವೋ ಅಂತ ಹೇಳಬಲ್ಲೋರು ಈಗ ಒಬ್ಬರೇ ಉಳಿದಿರೋದು. ಅವನ ಮಗಳು."

ಸ್ಯೂರನ ಮಗಳು ಯಾರೆಂದು ನನಗೆ ಗೊತ್ತು. ಗುನ್ವೋರ್. ನ್ಯಾಯಾಲಯದಲ್ಲಿ ಆ ಹೆಸರನ್ನು ಮೂರು ದಿನ ಕೇಳಿದ್ದೇನೆ. ಸೊಂಟ ಮುರಿದ ಮುದುಕಿಯೇ ಅವಳು.

ಇಷ್ಟು ದೊಡ್ಡ ದೇಶದಲ್ಲಿ ನನಗೆ ಇದೇ ದೋಣಿ ಸಿಗಬೇಕಿತ್ತು.

ಬುಧವಾರ, ಮಾರ್ಚ್ 12

ಸಂಧಾನ ಮಂಡಳಿಯಿಂದ ಮೂರನೇ ಪತ್ರ. ಗಾಯಗೊಂಡವರು ತಮ್ಮನ್ನು ಮುಖತಃ ಭೇಟಿ ಮಾಡಲು ಬಯಸಿದ್ದಾರೆ, ಒಪ್ಪಿಗೆಯೇ? ಹೌದು, ಇಲ್ಲ.

ಇಲ್ಲ ಅನ್ನುವ ಚೌಕದಲ್ಲಿ ಗುರುತು ಹಾಕಿ ಕಳಿಸಿದೆ. ಅವಳಿಗೆ ಏನು ಬೇಕು? ನಾನು ಅಳುವುದನ್ನು ನೋಡಬೇಕೇ? ಕ್ಷಮಿಸಿ ಅಂತ ವಕೀಲರು ಬರೆದುಕೊಟ್ಟದ್ದನ್ನು ಓದಿ ಹೇಳಿಯಾಗಿದೆ.

ಬುಧವಾರ, ಮಾರ್ಚ್ 19

ಆದರೂ ಆ ಗುರುತು ತಲೆಯಿಂದ ಹೋಗಲಿಲ್ಲ. ಯಾರು ಕಟ್ಟಿದ್ದು ಅಂತ ತಿಳಿಯದೆ ದೋಣಿಯಲ್ಲಿ ಹೇಗೆ ಕೂರುವುದು? ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತನ್ನು ಇಳಿಸಿಕೊಂಡು ಹಾಲ್ವೋರನ ಕೈಯಲ್ಲಿ ಅವಳಿಗೆ ಕಳಿಸಿದ್ದೆ. ನನ್ನ ಹೆಸರು ಹೇಳಬೇಡ ಅಂದಿದ್ದೆ.

ಇವತ್ತು ಅದೇ ಕಾಗದ ವಾಪಸು ಬಂತು. ಹಿಂದುಗಡೆ ಪೆನ್ನಿನಲ್ಲಿ ಬರೆದಿದೆ:

"ನನ್ನ ಅಪ್ಪನದೇ. ಹಿಂಭಾಗದಲ್ಲಿ, ಬಲಗಡೆ, ಕೆಳಗಿನ ಹಲಗೆಯಲ್ಲಿ ಒಂದು ತೇಪೆ ಇದೆಯೇ ನೋಡು ಸ್ಟೈನಾರ್."

"ನನ್ನ ಹೆಸರು ನೀನು ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ?" ಅಂದ ಹಾಲ್ವೋರ್. "ಊರಲ್ಲಿ ಕಾಲು ಕಟ್ಟಿಸಿಕೊಂಡು ಮನೇಲಿ ಕೂತು ದೋಣಿ ಕೆರೀತಿರೋನು ಇನ್ಯಾವನಿದಾನೆ?"

ತೇಪೆ ಇದೆ. ಅಂಗೈ ಅಗಲ, ಮೊಳೆಗಳು ಸೊಟ್ಟಸೊಟ್ಟ. ಉಳಿದ ಕೆಲಸವೆಲ್ಲ ಅಷ್ಟು ಚೊಕ್ಕವಾಗಿರುವಾಗ ಇದೊಂದು ಯಾಕೆ ಹೀಗೆ ಎಂದು ತಿಳಿಯಲಿಲ್ಲ.

ಭಾನುವಾರ, ಏಪ್ರಿಲ್ 6

ಹಲಗೆಗಳು ಒಣಗಿ ಒಣಗಿ, ಸಂದಿಗಳಲ್ಲಿ ಬೆಳಕು ಕಾಣುತ್ತದೆ. ಕೆಲವು ಕಡೆ ನಾಣ್ಯ ತೂರಿಸಬಹುದು. ಆದರೆ ಸಂದಿ ಮುಚ್ಚುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೇನೆ. ಕಿಟಕಿಗೆ ಹಚ್ಚುವ ಕಪ್ಪು ರಬ್ಬರ್ ಅಂಟು, ಹದಿನಾಲ್ಕು ಟ್ಯೂಬು. ಒಳಗಿಂದ, ಹೊರಗಿಂದ, ಬೆರಳಲ್ಲಿ ಒತ್ತಿ ಒತ್ತಿ ತುಂಬಿದೆ. ಈಗ ಒಂದು ಸೂಜಿ ಹೋಗುವ ಜಾಗವಿಲ್ಲ. ಪಶ್ಚಿಮದ ಗಾಳಿಮಳೆಗೆ ನಾನು ಕೂರಿಸಿದ ಕಿಟಕಿ ಒಂದೂ ಸೋರಿದ್ದಿಲ್ಲ, ಇದು ಸೋರೀತೇ?

ಬೆಂತೆ ಬಂದು ಊದಿಸಿ, ದೋಣಿ ನೋಡಿ, "ಚೆನ್ನಾಗಿ ಕಾಣ್ತಿದೆ" ಅಂದಳು. ಅಷ್ಟಕ್ಕೇ ಇಡೀ ದಿನ ಖುಷಿಯಾಗಿದ್ದೆ. ಎಂಥ ಸ್ಥಿತಿಗೆ ಬಂದೆ.

ಭಾನುವಾರ, ಏಪ್ರಿಲ್ 20

ಈಸ್ಟರ್. ಊರಿನವರೆಲ್ಲ ರಜೆಗೆ ಬೆಟ್ಟ ಹತ್ತಿದ್ದಾರೆ. ಹಬ್ಬಕ್ಕೆಂದು ಒಂದು ಕಿತ್ತಳೆ ತಿಂದೆ. ಬರ್ಚ್ ಮರದವರೆಗೆ ನಲವತ್ತೊಂದು ಹೆಜ್ಜೆ. ಹನ್ನೊಂದು ಸಲ ಹೋಗಿ ಬಂದೆ.

ಶನಿವಾರ, ಮೇ 3

ನೀರಿಗಿಳಿಸುವುದಕ್ಕೆ ಬೆಂತೆ ಎರಡು ಗಂಟೆ ಕೊಟ್ಟಳು. ನಾನೂ ಹಾಲ್ವೋರನೂ ಮರದ ಉರುಳೆಗಳ ಮೇಲೆ ದೋಣಿ ಜಾರಿಸಿದೆವು. ತೇಲಿತು! ಒಳಗೆ ಒಂದು ತೊಟ್ಟು ನೀರಿಲ್ಲ. ಹಾಲ್ವೋರ್ ಕಾಫಿ ಫ್ಲಾಸ್ಕ್ ಎತ್ತಿ ಜೈಕಾರ ಹಾಕಿದ. ದಡದ ಸಣ್ಣ ದೋಣಿಕಟ್ಟೆಗೆ ಕಟ್ಟಿ ಬಂದೆವು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ.

ಇನ್ನು ನಲವತ್ತನಾಲ್ಕು ದಿನ.

ಗುರುವಾರ, ಮೇ 8

ಮಧ್ಯಾಹ್ನ ಆಲೂಗಡ್ಡೆ ಬೇಯಿಸುತ್ತಿದ್ದೆ. ಕೆಳಗಿನಿಂದ ಫಟ್ ಅಂತ ಸದ್ದು ಬಂತು. ಯಾರೋ ಬಂದೂಕು ಹಾರಿಸಿದರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು.

ಕಿಟಕಿಯಿಂದ ನೋಡಿದರೆ ದೋಣಿ ಒಂದು ಪಕ್ಕಕ್ಕೆ ವಾಲಿತ್ತು. ಓಡಿದೆ. ಬರ್ಚ್ ಮರದ ಹತ್ತಿರ ನಿಂತೆ. ಅಲ್ಲಿಂದ ಕಟ್ಟೆಗೆ ಎಪ್ಪತ್ತು ಹೆಜ್ಜೆ. ಬೆಂತೆಗೆ ಫೋನ್ ಮಾಡಿದರೆ, ಇವತ್ತು ಬಿಡುವ ಅಧಿಕಾರ ನನಗಿಲ್ಲ, ಮರ ದಾಟಿದರೆ ಕಾಪಾಡಲು ನನ್ನಿಂದಾಗುವುದಿಲ್ಲ ಅಂದಳು. ಹಾಲ್ವೋರ್ ಫೆರ‍್ರಿಯಲ್ಲಿದ್ದ.

ಮರವನ್ನು ತಬ್ಬಿಕೊಂಡು ನಿಂತು ನೋಡಿದೆ. ನಲವತ್ತು ನಿಮಿಷ ಹಿಡಿಯಿತು. ಮೊದಲು ಹಿಂಭಾಗ, ಆಮೇಲೆ ಅಂಚು, ಆಮೇಲೆ ಗಂಬ ಮಾತ್ರ. ಎದುರಿಗೆ ಏನೋ ಆಗುತ್ತಿರುವಾಗ ಕೈಕಟ್ಟಿ ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆಲೂಗಡ್ಡೆ ಸೀದು ಹೋಯಿತು.

ಸೋಮವಾರ, ಮೇ 12

ಹಾಲ್ವೋರ್ ಟ್ರ್ಯಾಕ್ಟರಿನಲ್ಲಿ ಎಳೆದು ತಂದ. ಎಡಗಡೆಯ ನಡುಹಲಗೆ ಮೊಳೆಗಳ ಸಾಲಿನಗುಂಟ ಸೀಳಿದೆ. ಎರಡು ಮಾರು ಉದ್ದ. ಯಾಕೆ ಸೀಳಿತು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇನ್ನು ಮುಟ್ಟುವುದಿಲ್ಲ. ಕೊಟ್ಟಿಗೆಯಲ್ಲಿ ಸುಮ್ಮನೆ ಕೂತು ಐದು ಗಂಟೆ ಕಳೆಯುತ್ತೇನೆ.

ಶನಿವಾರ, ಮೇ 17

ರಾಷ್ಟ್ರದ ಹಬ್ಬ. ಬೆಳಿಗ್ಗೆಯಿಂದ ಕೊಲ್ಲಿಯ ಆಚೆ ದಡದಲ್ಲಿ ಬ್ಯಾಂಡು. ಈಚೆ ದಡದಲ್ಲಿ ನಾಯಿಯೂ ಇಲ್ಲ, ಎಲ್ಲರೂ ಬಾವುಟ ಹಿಡಿದು ಆ ಕಡೆ ಹೋಗಿದ್ದಾರೆ. ಹತ್ತೂವರೆಗೆ ಅಂಗಳಕ್ಕೆ ಬಂದರೆ ಇಳಿಜಾರಿನಲ್ಲಿ ಯಾರೋ ಹತ್ತಿ ಬರುತ್ತಿದ್ದರು. ಎರಡು ಊರುಗೋಲು, ಹಬ್ಬದ ಕಸೂತಿ ಉಡುಪು, ಬೆಳ್ಳಿಯ ಪದಕ. ಗುನ್ವೋರ್.

ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಕಾಲು ಬರಲಿಲ್ಲ. ಬರ್ಚ್ ಮರಕ್ಕೆ ಹತ್ತು ಹೆಜ್ಜೆ ಇರುವಾಗ ಅವಳು ನಿಂತಳು. ಹುಲ್ಲು ಒದ್ದೆಯಿತ್ತು, ಒಂದು ಕೋಲು ಜಾರುತ್ತಿತ್ತು.

"ಕೈ ಕೊಡೋ" ಅಂದಳು.

"ಆಗಲ್ಲ. ಈ ಮರ ದಾಟೋ ಹಾಗಿಲ್ಲ."

ಅವಳು ನನ್ನನ್ನು ನೋಡಿದಳು. "ಅವತ್ತೂ ನೀನು ಕಾರಲ್ಲಿ ಹೀಗೇ ಕೂತಿದ್ದೆ" ಅಂದಳು.

ಯಾಕೆ ಹೋದೆನೋ ಗೊತ್ತಿಲ್ಲ. ಹತ್ತು ಹೆಜ್ಜೆ. ತೋಳು ಹಿಡಿದುಕೊಂಡೆ, ಹಕ್ಕಿಯ ರೆಕ್ಕೆಯಷ್ಟು ಹಗುರ. ಮರದ ಈಚೆಗೆ ಬರುವಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಬೆಂತೆಯ ದನಿ ಗಟ್ಟಿಯಾಗಿತ್ತು. ನಾನು ತೊದಲುತ್ತಿದ್ದಾಗ ಗುನ್ವೋರ್ ಫೋನ್ ಕಿತ್ತುಕೊಂಡಳು.

"ನೋಡಮ್ಮ, ನಾನು ಗುನ್ವೋರ್. ಹೂಂ, ಅದೇ ಗುನ್ವೋರ್. ಬೀಳ್ತಾ ಇದ್ದೆ, ಹಿಡ್ಕೊಂಡ. ಬರ್ಕೋ. ಈ ಸಲ ಬಂದ ಅಂತ ಬರ್ಕೋ."

ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಇನ್ನೊಂದು ಸಲ ಆದರೆ ಜೈಲು.

ಕೊಟ್ಟಿಗೆಯಲ್ಲಿ ಅವಳು ಮೊದಲು ತೇಪೆ ಹುಡುಕಿದಳು. ಬಗ್ಗಲಾಗದೆ ಕೋಲಿನ ತುದಿಯಿಂದ ಮುಟ್ಟಿದಳು. "ನಾನಾಗ ಒಂಬತ್ತು ವರ್ಷದೋಳು. ಬೇಡ ಅಂದ್ರೂ ಒಬ್ಬಳೇ ಹಾಯಿ ಏರಿಸಿಕೊಂಡು ಹೋಗಿ ಬಂಡೆಗೆ ಗುದ್ದಿಸಿದ್ದೆ. ಅಪ್ಪ ಒಂದು ಮಾತೂ ಬೈಲಿಲ್ಲ. ಸುತ್ತಿಗೆ ಕೈಗೆ ಕೊಟ್ಟು, ನೀನೇ ಮಾಡು ಅಂದ. ಮೂರು ದಿನ ಅಳ್ತಾ ಮೊಳೆ ಹೊಡೆದೆ."

ಆಮೇಲೆ ಸಂದಿಯಲ್ಲಿದ್ದ ರಬ್ಬರು ಅವಳ ಕಣ್ಣಿಗೆ ಬಿತ್ತು. ಉಗುರಿನಿಂದ ಕಿತ್ತು ಮೂಸಿ ನೋಡಿ ನಕ್ಕಳು. ಕೊಟ್ಟಿಗೆಯೆಲ್ಲ ತುಂಬುವಂಥ ನಗು.

"ಅಯ್ಯೋ ಕಿಟಕಿಯವನೇ! ಗಾಜಿಗೆ ಹಚ್ಚೋ ಅಂಟು ದೋಣಿಗೆ ಹಚ್ಚಿದೀಯಾ? ಮರ ನೀರು ಕುಡಿದು ಉಬ್ಬತ್ತೆ ಕಣೋ. ತನ್ನ ಸಂದಿ ತಾನೇ ಮುಚ್ಚಿಕೊಳ್ಳತ್ತೆ. ನೀನು ಮೊದಲೇ ಜಾಗ ತುಂಬಿಸಿಬಿಟ್ರೆ ಅದು ಎಲ್ಲಿ ಉಬ್ಬಬೇಕು? ಸೀಳದೆ ಇನ್ನೇನು ಮಾಡತ್ತೆ?"

ಎಲ್ಲ ಕೆರೆದು ತೆಗೆಯಬೇಕು. ಉಣ್ಣೆಯ ದಾರವನ್ನು ಪೈನ್ ಮರದ ಡಾಂಬರಿನಲ್ಲಿ ಅದ್ದಿ ಅಂಚುಗಳ ನಡುವೆ ಇಡಬೇಕು. ಸೀಳಿದ ಕಡೆ ಹೊಸ ಹಲಗೆ. ಕೊನೆಗೆ ಕಲ್ಲು ತುಂಬಿ, ಬೇಕೆಂದೇ ಮುಳುಗಿಸಿ, ಒಂದು ವಾರ ಮುಟ್ಟದೆ ಬಿಡಬೇಕು. ಅವಳ ಕಾಲದಲ್ಲಿ ಇದು ಈ ದಡದ ಮಕ್ಕಳಿಗೂ ಗೊತ್ತಿತ್ತಂತೆ. ಹಾಲ್ವೋರನಿಗೆ ಗೊತ್ತಿಲ್ಲ, ಅವನದು ಕಬ್ಬಿಣದ ಹಡಗು. ನಾನು ಒಳನಾಡಿನಿಂದ ಬಂದವನು, ನನಗೆ ಯಾರೂ ಹೇಳಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಹೊರಡುವ ಮುಂಚೆ, ಆಚೆ ದಡದ ಬ್ಯಾಂಡು ನಿಂತಾಗ, ಅವಳು ಕೇಳಿದಳು.

"ನಾನು ಮೂರು ಸಲ ಬರೆದಿದ್ದು ಒಂದೇ ಒಂದು ಮಾತು ಕೇಳೋಕೆ. ಗುದ್ದಿದ ಮೇಲೆ ನೀನು ಕಾರು ನಿಲ್ಲಿಸಿದೆ. ಆಮೇಲೆ ಬಾಗಿಲು ತೆಗೀಲಿಲ್ಲ. ನಾನು ಮಂಜಿನ ಮೇಲೆ ಬಿದ್ದು ಎಣಿಸ್ತಾ ಇದ್ದೆ, ಇನ್ನೂರ ನಲವತ್ತರವರೆಗೆ. ಅಷ್ಟು ಹೊತ್ತು ಒಳಗೆ ಏನು ಮಾಡ್ತಿದ್ದೆ?"

"ನೆನಪಿಲ್ಲ" ಅಂದೆ.

"ನೆನಪಾದಾಗ ಹೇಳು" ಅಂದಳು.

ಭಾನುವಾರ, ಮೇ 18

ದೀಪ ಇತ್ತು. ಜಾರುಬಂಡಿಗೂ ಇತ್ತು, ಗುನ್ವೋರ್ ಅವರ ಕೋಟಿಗೂ ಹೊಳೆಯುವ ಪಟ್ಟಿ ಇತ್ತು. ಕಂಡಿತ್ತು. ರಸ್ತೆ ಬದಿಯ ಗೂಟ ಅಂದುಕೊಂಡೆ. ಆರು ಗ್ಲಾಸ್ ಅಕ್ವಾವಿಟ್ ಕುಡಿದವನಿಗೆ ಎಲ್ಲವೂ ಗೂಟವೇ.

ಇನ್ನೊಂದು ಮಾತಿದೆ, ಅದನ್ನು ಬರೆಯಲಾರೆ.

ಶುಕ್ರವಾರ, ಮೇ 30

ರಬ್ಬರು ಕೆರೆಯುತ್ತಿದ್ದೇನೆ. ಹಚ್ಚಲು ಒಂದು ದಿನ, ತೆಗೆಯಲು ಹನ್ನೆರಡು ದಿನ. ಕೈತುಂಬ ಗಾಯ. ಗುನ್ವೋರ್ ಹಾಲ್ವೋರನ ಕೈಯಲ್ಲಿ ಅಪ್ಪನ ಸುತ್ತಿಗೆ ಕಳಿಸಿದ್ದಾರೆ, ಜೊತೆಗೆ ಏಲಕ್ಕಿ ಬನ್ನು. "ಬನ್ನು ನಿನಗಲ್ಲ, ಹೊತ್ತುಕೊಂಡು ಬಂದಿದ್ದಕ್ಕೆ ನನಗೆ" ಅಂತ ಹಾಲ್ವೋರ್ ಮೂರನ್ನೂ ಅಲ್ಲೇ ನುಂಗಿದ.

ಭಾನುವಾರ, ಜೂನ್ 8

ಹೊಸ ಹಲಗೆ ಕೂತಿತು. ಮೊಳೆಗಳು ಸೊಟ್ಟಗಿವೆ. ತೇಪೆಯನ್ನು ಹಾಗೇ ಬಿಟ್ಟಿದ್ದೇನೆ.

ಸೋಮವಾರ, ಜೂನ್ 16

ಬೆಂತೆ ಕತ್ತರಿಯಿಂದ ಪಟ್ಟಿ ಕತ್ತರಿಸಿ, ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಕೈಕುಲುಕಿ ಹೋದಳು. "ದೋಣಿ ಹತ್ತಿ ಹೊರಟ್ರಾ?" ಅಂತ ಕೇಳಿದಳು.

"ಇವತ್ತು ಅದನ್ನ ಮುಳುಗಿಸಬೇಕು" ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಮರ ದಾಟಿದೆ. ಕಾಲು ಅಲ್ಲಿ ತಾನಾಗಿ ನಿಂತಿತು, ತಳ್ಳಬೇಕಾಯಿತು. ನಾಲ್ಕು ತಿಂಗಳಿಂದ ಕಾದ ದಿನ ಇದು. ಹಗುರವೇನೂ ಅನ್ನಿಸಲಿಲ್ಲ. ಎದೆಯ ಮೇಲಿನ ಕಲ್ಲು ಇದ್ದಲ್ಲೇ ಇದೆ. ಹಾಲ್ವೋರನೂ ನಾನೂ ದೋಣಿಗೆ ಕಲ್ಲು ತುಂಬಿದೆವು. ಮೂರಡಿ ನೀರಿನ ತಳಕ್ಕೆ ಕೂತಿತು. ಈ ಸಲ ಒಂದು ಸದ್ದೂ ಇಲ್ಲ.

ಮಂಗಳವಾರ, ಜೂನ್ 24

ಕಲ್ಲು ತೆಗೆದು, ನೀರು ಎತ್ತಿ ಹಾಕಿ ಕಾದೆ. ಮಧ್ಯಾಹ್ನಕ್ಕೆ ಎರಡು ಲೋಟ ನೀರು, ಸಂಜೆಗೂ ಎರಡೇ ಲೋಟ. ಸಂದಿಗಳೆಲ್ಲ ತಾವಾಗಿ ಮುಚ್ಚಿಕೊಂಡಿವೆ. ಹಳೆಯ ಬಟ್ಟೆ ಹೊಲಿದು ಹಾಯಿ ಮಾಡಿದ್ದೇನೆ. ಗಾಳಿ ಉತ್ತರದಿಂದಿದೆ, ದಕ್ಷಿಣಕ್ಕೆ ಹೋಗಲು ಹೇಳಿ ಮಾಡಿಸಿದ್ದು.

ಗುನ್ವೋರ್ ಚೀಟಿ ಕಳಿಸಿದ್ದಾರೆ: "ಶನಿವಾರ ಹತ್ತಕ್ಕೆ ಅಂಗಡಿಗೆ ಹೋಗಬೇಕು. ಜಾರುಬಂಡಿ ತಳ್ಳಲಾರೆ, ಸೈಕಲ್ ಹತ್ತಲಾರೆ. ನಮ್ಮ ಮನೆಯ ಕೆಳಗಿನ ಕಟ್ಟೆಗೆ ಬಾ."

ಶನಿವಾರ, ಜೂನ್ 28

ಗಾಳಿ ಎಲೆ ಅಲ್ಲಾಡಿಸುವಷ್ಟೂ ಇರಲಿಲ್ಲ. ಹಾಯಿ ಸುತ್ತಿಟ್ಟು ಹುಟ್ಟು ಹಾಕಬೇಕಾಯಿತು. ಹುಟ್ಟು ಹಾಕುವವನು ದೋಣಿಯ ಹಿಂಭಾಗಕ್ಕೆ ಮುಖ ಮಾಡಿ ಕೂರುತ್ತಾನೆ, ಜೊತೆಗೆ ಬಂದವರು ಹಿಂಭಾಗದಲ್ಲೇ ಕೂರುತ್ತಾರೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೊಲ್ಲಿ ದಾಟಲು ಇಪ್ಪತ್ತು ನಿಮಿಷ. ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಕುತ್ತಿತ್ತು. ಬೇರೆ ಕಡೆ ನೋಡಲು ಜಾಗವೇ ಇಲ್ಲ.

ಅವರು ಏನೂ ಕೇಳಲಿಲ್ಲ. ತೇಪೆಯ ಮೇಲೆ ಕೋಲಿನ ತುದಿಯಿಟ್ಟುಕೊಂಡು ನೀರು ನೋಡುತ್ತಿದ್ದರು. ಕೊಲ್ಲಿಯ ನಡುವೆ ನಾನು ಹುಟ್ಟು ನಿಲ್ಲಿಸಿದೆ.

"ಪೆಪ್ಪರ್‌ಮಿಂಟ್ ಹುಡುಕ್ತಾ ಇದ್ದೆ" ಅಂದೆ.

ತಿರುಗಿ ನೋಡಿದರು.

"ಕಾರಿನ ಮುಂದಿನ ಡಬ್ಬದಲ್ಲಿ ಒಂದು ಪೊಟ್ಟಣ ಇತ್ತು. ಪೊಲೀಸರು ಬರೋ ಮುಂಚೆ ಬಾಯಿ ವಾಸನೆ ಹೋಗ್ಲಿ ಅಂತ. ಒಂದಾದ ಮೇಲೆ ಒಂದು ಅಗೀತಾ ಕೂತಿದ್ದೆ."

"ನಾನು ಸತ್ತೆ ಅಂದುಕೊಂಡಿದ್ಯಾ?"

ಹೌದು ಅಂದುಬಿಡಬಹುದಿತ್ತು. ಅದು ಸುಲಭವಿತ್ತು.

"ಇಲ್ಲ. ನಿಮ್ಮ ದನಿ ಕೇಳಿಸ್ತಾ ಇತ್ತು. ಎಣಿಸೋದು ಕೇಳಿಸ್ತಾ ಇತ್ತು."

ಅವರ ಮುಖ ಬೆಳ್ಳಗಾಯಿತು. ದೋಣಿ ನಿಧಾನವಾಗಿ ತಿರುಗುತ್ತಿತ್ತು. ಕಣ್ಣು ತಗ್ಗಿಸಲು ಎಷ್ಟೇ ಆಸೆಯಾದರೂ ತಗ್ಗಿಸಲಿಲ್ಲ. ಕೊನೆಗೆ ಅವರು, "ಅಂಗಡಿ ಒಂದು ಗಂಟೆಗೆ ಮುಚ್ಚತ್ತೆ" ಅಂದರು. ಹುಟ್ಟು ಹಾಕಿದೆ.

ಅಂಗಡಿಯಲ್ಲಿ ಜನ ಇದ್ದರು. ಗುನ್ವೋರ್ ಮುಂದೆ, ಬುಟ್ಟಿ ಹಿಡಿದು ನಾನು ಹಿಂದೆ. ಯಾರೂ ಮಾತಾಡಲಿಲ್ಲ, ಬೆನ್ನನ್ನೂ ತಿರುಗಿಸಲಿಲ್ಲ. ಬ್ರೆಡ್ಡು, ಕಂದು ಚೀಸು, ಮೀನಿನ ಉಂಡೆಯ ಡಬ್ಬಿ ಆಯಿತು. ಕೊನೆಗೆ, ಗಲ್ಲಾಪೆಟ್ಟಿಗೆಯ ಪಕ್ಕದಿಂದ, ಒಂದು ಪೊಟ್ಟಣ ಪೆಪ್ಪರ್‌ಮಿಂಟ್ ತೆಗೆದು ಬುಟ್ಟಿಗೆ ಹಾಕಿದರು.

ಬರುವಾಗ ದೋಣಿಯಲ್ಲಿ ಪೊಟ್ಟಣ ಒಡೆದು ಒಂದನ್ನು ಬಾಯಿಗೆ ಹಾಕಿಕೊಂಡರು. ನನಗೆ ಕೊಡಲಿಲ್ಲ. ಅದು ಕರಗುವವರೆಗೂ ನನ್ನನ್ನೇ ನೋಡುತ್ತಿದ್ದರು. ಕಟ್ಟೆ ಬಂದಾಗ ತೋಳು ಚಾಚಿದರು, ಹಿಡಿದು ಇಳಿಸಿದೆ. ಮೇಲೆ ನಿಂತು ಕೋಲು ಸರಿಮಾಡಿಕೊಂಡರು.

"ಬರೋ ಶನಿವಾರವೂ ಹತ್ತಕ್ಕೇ. ಮಳೆ ಬಂದ್ರೂ ಬಾ."

ದೋಣಿಯ ತಳದಲ್ಲಿ ಒಂದು ಲೋಟದಷ್ಟು ನೀರಿತ್ತು. ಎತ್ತಿ ಹಾಕಿ, ಹಗ್ಗ ಬಿಗಿದು, ಮನೆಗೆ ಬಂದೆ. ಸಂಜೆ ಉತ್ತರದ ಗಾಳಿ ಎದ್ದಿತು, ದಕ್ಷಿಣಕ್ಕೆ ಹೊರಡಲು ಒಳ್ಳೆಯ ಗಾಳಿ. ಕಿಟಕಿ ಹಾಕಿಕೊಂಡೆ.